ಮನೆ ಬದಲಾಯ್ತು, ಲೈಸೆನ್ಸು ಹಳೇ ಬಾಗಿಲಲ್ಲೇ!

ಊರಿನ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ವಿನೋಬನಗರದಲ್ಲಿ ಒಂದು ವರ್ಷ, ನಿಟ್ಟುವಳ್ಳಿಯಲ್ಲಿ ಎರಡು ವರ್ಷ, ಅಲ್ಲೂ ಬಾಡಿಗೆ ಏರಿತೆಂದರೆ ಹರಿಹರದ ದಾರಿ. ಗ್ಯಾಸ್ ಸಿಲಿಂಡರು, ಮಕ್ಕಳ ಟಿ.ಸಿ. ಎಲ್ಲವೂ ಸಂಸಾರದ ಹಿಂದೆಯೇ ಬರುತ್ತವೆ. ಬಾರದೆ ಉಳಿಯುವುದು ಡ್ರೈವಿಂಗ್ ಲೈಸೆನ್ಸಿನ ವಿಳಾಸ.

'ಅದಕ್ಕೇನ್ರೀ? ಪೊಲೀಸಿನೋರು ಫೋಟೋ ನೋಡ್ತಾರೆ, ತಾರೀಖು ನೋಡ್ತಾರೆ. ಅಡ್ರೆಸ್ ಯಾರು ಓದ್ತಾರೆ?' ಎಂಬುದು ಮಂಡಿಪೇಟೆಯ ಅಂಗಡಿಕಟ್ಟೆಯ ವಾದ. ರಸ್ತೆಯ ಮಟ್ಟಿಗೆ ಅದು ಅಷ್ಟೇನೂ ಸುಳ್ಳಲ್ಲ. ಆದರೆ ಲೈಸೆನ್ಸಿನ ವಿಳಾಸ ಬದಲಿಸದ ಆಸಾಮಿ ಗಾಡಿಯ ಆರ್.ಸಿ. ವಿಳಾಸವನ್ನೂ ಬದಲಿಸಿರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 49ನೇ ಕಲಂ ಪ್ರಕಾರ ಗಾಡಿಯ ಮಾಲೀಕ ಮನೆ ಬದಲಿಸಿದ 30 ದಿನದೊಳಗೆ ಹೊಸ ವಿಳಾಸ ತಿಳಿಸಬೇಕು. ತಪ್ಪಿದರೆ ದಂಡ.

ದಂಡ ಹೋಗಲಿ ಬಿಡಿ, ಕಟ್ಟಬಹುದು. ಸಾಮಾನು ಸಾಗಿಸುವ ಆಟೋ ಇಟ್ಟುಕೊಂಡ ಒಬ್ಬ ಕಿರಾಣಿ ವ್ಯಾಪಾರಿಯನ್ನು ನೆನೆಸಿಕೊಳ್ಳಿ. ಆಟೋ ಯಾರಿಗೋ ತಾಗಿತು. ಗಾಯಾಳು ಪರಿಹಾರ ನ್ಯಾಯಮಂಡಳಿಗೆ ಹೋದ. ನೋಟಿಸು ಆರ್.ಸಿ.ಯಲ್ಲಿರುವ ಹಳೇ ಮನೆಗೆ ಹೋಗುತ್ತದೆ. ಅಲ್ಲಿ ಈಗಿರುವವರು 'ಅವರು ಖಾಲಿ ಮಾಡಿದ್ರಲ್ಲ' ಎಂದು ಕೈ ಆಡಿಸುತ್ತಾರೆ. ಮಾಲೀಕ ಹಾಜರಾಗದಿದ್ದರೆ ಅವನ ಗೈರುಹಾಜರಿಯಲ್ಲೇ ಕೇಸು ನಡೆಯಬಹುದು. ಚಾಲಕನಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲವೆಂದು ವಿಮಾ ಕಂಪನಿ ತಕರಾರು ತೆಗೆದರೆ, ಅಸಲು ಲೈಸೆನ್ಸ್ ತಂದು ತೋರಿಸುವವರಾರು? ಇಂಥ ಕೇಸುಗಳಲ್ಲಿ ಕಂಪನಿ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶಗಳು ಬಂದದ್ದುಂಟು. ಅಂಗಡಿಯ ಬಂಡವಾಳವೇ ಕರಗುವ ಮೊತ್ತ ಸ್ವಾಮಿ ಅದು.

ಬದಲಿಸಲು ಏನು ಮಾಡಬೇಕು? ಲೈಸೆನ್ಸಿಗೆ 'ಸಾರಥಿ', ಆರ್.ಸಿ.ಗೆ 'ವಾಹನ್' ಎಂಬ ಸರಕಾರಿ ಜಾಲತಾಣಗಳಿವೆ. ಕೇಂದ್ರದ ನಿಯಮದಂತೆ ಲೈಸೆನ್ಸಿನ ವಿಳಾಸ ಬದಲಾವಣೆಗೆ 200 ರೂಪಾಯಿ, ಸ್ಮಾರ್ಟ್ ಕಾರ್ಡಿನ ಬಾಬತ್ತು ಬೇರೆ. ಆಧಾರ್ ದೃಢೀಕರಣದ ಮೇಲೆ ಕಚೇರಿಗೆ ಹೋಗದೆಯೇ ಮಾಡಿಸಬಹುದಾದ ಕೆಲಸಗಳ ಪಟ್ಟಿಗೆ 2021ರ ಮಾರ್ಚ್‌ನಲ್ಲಿ ಇವೆರಡೂ ಸೇರಿದವು. ಮೊಬೈಲ್ ನಂಬರು ಬದಲಾಗಿದ್ದರೆ ಅದನ್ನೂ ಜತೆಗೇ ಸರಿಪಡಿಸಿ. ಸಿಗ್ನಲ್ ಕ್ಯಾಮೆರಾ ಹಿಡಿದ ತಪ್ಪಿನ ಸುದ್ದಿ ಬರುವುದು ಆ ನಂಬರಿಗೆ.

ಇಷ್ಟು ಸಲೀಸಾದರೆ ಆರ್.ಟಿ.ಓ. ಕಚೇರಿಗಳ ಮುಂದೆ ದಲ್ಲಾಳಿಗಳು ಇನ್ನೂ ಯಾಕಿದ್ದಾರೆ? ಆಧಾರ್ ಕಾರ್ಡಿನಲ್ಲೇ ಹಳೇ ವಿಳಾಸ ಇರುತ್ತದೆ, ಅದಕ್ಕೆ. ಅದನ್ನು ಬದಲಿಸಲು ಕರಾರು ಪತ್ರ ಕೇಳಿದರೆ ಮನೆ ಮಾಲೀಕರು ಮುಖ ಗಂಟಿಕ್ಕುತ್ತಾರೆ. 'ಅಡ್ರೆಸ್ ಹಾಕಿಸ್ಕೊಂಡು ಆಮೇಲೆ ಮನೆ ಬಿಡಲ್ಲ ಅಂದ್ರೆ?' ಎಂಬ ಭಯ. ಲೈಸೆನ್ಸಿನ ಮೇಲಿನ ವಿಳಾಸದಿಂದ ಯಾರಿಗೂ ಮನೆಯ ಹಕ್ಕು ಹುಟ್ಟುವುದಿಲ್ಲ. ಬಾಡಿಗೆ ಎಣಿಸಿಕೊಳ್ಳುವ ಕೈ ಒಂದು ಸಹಿ ಹಾಕಲು ಯಾಕೆ ನಡುಗಬೇಕೋ! ಈ ಹಟದಿಂದಲೇ ಬಾಡಿಗೆದಾರ ದಲ್ಲಾಳಿಯ ಕೈಗೆ ಬೀಳುತ್ತಾನೆ. ಮನೆಯ ಯಜಮಾನನೊಬ್ಬನ ಆಧಾರ್ ಸರಿಯಾದರೆ, ಅವನ ಒಪ್ಪಿಗೆಯ ಮೇಲೆ ಹೆಂಡತಿ ಮಕ್ಕಳ ವಿಳಾಸ ಬದಲಿಸುವ ಅನುಕೂಲ 2023ರಿಂದ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಹರಪನಹಳ್ಳಿಯವರ ಪಾಡೇ ಬೇರೆ. ಅವರು ಮನೆ ಬಿಟ್ಟು ಕದಲಿಲ್ಲ, ಜಿಲ್ಲೆಯೇ ಕದಲಿತು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಆಮೇಲೆ ತಿರುಗಿ ಬಳ್ಳಾರಿಗೆ, 2021ರಿಂದ ವಿಜಯನಗರಕ್ಕೆ. ಆ ತಾಲ್ಲೂಕಿನವರು ಲೈಸೆನ್ಸ್ ನವೀಕರಣಕ್ಕೆ ಹೋದಾಗ ಜಿಲ್ಲೆಯ ಹೆಸರನ್ನೂ ಒಮ್ಮೆ ನೋಡಿಕೊಂಡು ಬರಲಿ.