ಹಸಿರು ಎಂದರೆ ಸಾಲದು, ಮೂಲವನ್ನೂ ಹೇಳಬೇಕು

ಅತಿಸೂಕ್ಷ್ಮ ಕಣಗಳ ತಂತ್ರಜ್ಞಾನ, ಅಂದರೆ ನ್ಯಾನೋ ತಂತ್ರಜ್ಞಾನವು ಗೊಬ್ಬರದ ಅಂಗಡಿಗೆ ಬಂದು ಕೆಲವು ವರ್ಷಗಳಾದವು. ಈಗ ಅದು ಹಣ್ಣಿನ ಮೇಲಿನ ಲೇಪ, ಮಾಂಸ ಕಟ್ಟುವ ಹಾಳೆ, ಕೋಳಿಗೆ ಕುಡಿಸುವ ನೀರು, ಹೀಗೆ ಎಲ್ಲೆಡೆಗೂ ಕಾಲಿಡುತ್ತಿದೆ. ಇದರಲ್ಲಿ ‘ಹಸಿರು ನ್ಯಾನೋ’ ಎಂಬ ಹೆಸರಿಗೆ ಬೆಲೆ ಹೆಚ್ಚು. ಇದು ಸಸ್ಯದಿಂದ ತಯಾರಾದದ್ದು, ಇದರಲ್ಲಿ ವಿಷವಿಲ್ಲ, ಹಲಾಲ್ ಮಾರುಕಟ್ಟೆಗೂ ಸಲ್ಲುತ್ತದೆ ಎಂದು ಮಾರುವವರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇವು ಮೂರು ಬೇರೆ ಬೇರೆ ಮಾತುಗಳು. ಒಂದು ನಿಜವಾದ ಮಾತ್ರಕ್ಕೆ ಉಳಿದೆರಡೂ ನಿಜವಾಗಬೇಕೆಂದೇನೂ ಇಲ್ಲ.

ನ್ಯಾನೋಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ ನ್ಯಾನೋಮೀಟರ್ ಇರುತ್ತದೆ. ಸಾಮಾನ್ಯವಾಗಿ 100 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳಿಗೆ ಈ ಹೆಸರು. ಕಣ ಚಿಕ್ಕದಾದಷ್ಟೂ ಅಷ್ಟೇ ತೂಕಕ್ಕೆ ಹೊರಮೈ ಹೆಚ್ಚಾಗುತ್ತದೆ, ಆದ್ದರಿಂದ ಅದರ ಗುಣವೂ ತೀಕ್ಷ್ಣವಾಗುತ್ತದೆ. ಉಂಡೆ ಬೆಲ್ಲಕ್ಕಿಂತ ಪುಡಿ ಬೆಲ್ಲ ಬೇಗ ಕರಗುವುದನ್ನು ನೆನೆದರೆ ಇದು ಅರ್ಥವಾದೀತು.

ಹಸಿರು ವಿಧಾನ ಯಾವುದೆಂದು ನೋಡೋಣ. ಬೇವಿನ ಎಲೆಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಆ ಕಷಾಯವನ್ನು ತೆಳುವಾದ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಎಲೆಯಲ್ಲಿರುವ ಒಗರಿನ ಅಂಶಗಳು ಕರಗಿದ ಬೆಳ್ಳಿಯನ್ನು ಲೋಹದ ಕಣಗಳನ್ನಾಗಿ ಮಾಡುತ್ತವೆ. ಅವೇ ಅಂಶಗಳು ಕಣಗಳ ಸುತ್ತ ಹೊದಿಕೆಯಂತೆ ನಿಂತು, ಅವು ಗಂಟುಕಟ್ಟದಂತೆ ತಡೆಯುತ್ತವೆ. ಕಾರ್ಖಾನೆಯ ರೂಢಿಯ ವಿಧಾನದಲ್ಲಿ ಇದೇ ಕೆಲಸಕ್ಕೆ ಸೋಡಿಯಂ ಬೋರೋಹೈಡ್ರೈಡ್, ಹೈಡ್ರಜೀನ್ ಮೊದಲಾದ ಕಟು ರಾಸಾಯನಿಕಗಳು ಬೇಕಾಗುತ್ತವೆ. ಅವು ತಪ್ಪಿದರೆ ಕೆಲಸಗಾರನಿಗೂ ಹೊಳೆಯ ನೀರಿಗೂ ಒಳ್ಳೆಯದೇ. ಆ ಮಟ್ಟಿಗೆ ಈ ವಿಧಾನವನ್ನು ನಾನು ಮೆಚ್ಚುತ್ತೇನೆ.

ಆದರೆ ಬೇವಿನ ಎಲೆಯಲ್ಲಿ ಬೇಯಿಸಿದರೆ ಬೆಳ್ಳಿ ಬೇವಾಗುವುದಿಲ್ಲ. ಕೊನೆಗೆ ಉಳಿಯುವುದು ಸೂಕ್ಷ್ಮಾಣುಗಳನ್ನು ಕೊಲ್ಲುವ ಲೋಹವೇ. ಕೊಳೆಸುವ ಸೂಕ್ಷ್ಮಾಣು ಯಾವುದು, ನಮ್ಮ ಭೂಮಿಯ ರೈಜೋಬಿಯಂ ಯಾವುದು ಎಂದು ಅದು ವಿಚಾರಿಸುವುದಿಲ್ಲ. ಕೋಳಿಗಳಿಗೆ ಇಂಥ ಕಣಗಳನ್ನು ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಯಕೃತ್ತಿನಲ್ಲಿ ಬೆಳ್ಳಿ ಉಳಿದದ್ದು ಕಂಡುಬಂದಿದೆ. ಜೊತೆಗೆ ಎಲೆಯ ವಯಸ್ಸು, ಕಾಲ, ಮಣ್ಣು ಬದಲಾದಂತೆ ಕಷಾಯದ ಸತ್ವ ಬದಲಾಗಿ, ಕಣಗಳ ಗಾತ್ರವೂ ಹೆಚ್ಚುಕಡಿಮೆಯಾಗುತ್ತದೆ. ಮನೆಯಲ್ಲಿ ಬೇವಿನ ಬೀಜದ ಕಷಾಯ ತೆಗೆದು ಸಿಂಪಡಿಸಿದವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ‘ಹಸಿರು’ ಎಂಬುದು ತಯಾರಿಸಿದ ಬಗೆಯನ್ನು ಹೇಳುತ್ತದೆ, ತಿನ್ನುವವನ ಹೊಟ್ಟೆಯ ವಿಷಯವನ್ನು ಹೇಳುವುದಿಲ್ಲ.

ಹಲಾಲ್ ಎಂಬ ಕಟ್ಟಳೆ ಇದಕ್ಕಿಂತ ಮುಂದೆ ಹೋಗುತ್ತದೆ. ನಮ್ಮಲ್ಲಿ ಅನೇಕರು ಅದನ್ನು ಪ್ರಾಣಿವಧೆಯ ವಿಧಾನವೆಂದು ಮಾತ್ರ ತಿಳಿದಿದ್ದಾರೆ. ಅದು ಅರ್ಧ ತಿಳಿವಳಿಕೆ. ಹಂದಿ, ರಕ್ತ, ಸತ್ತ ಪ್ರಾಣಿ, ಮದ್ಯ ಇವುಗಳ ಅಂಶ ಎಲ್ಲಿಯೂ ಸೇರಬಾರದು ಎಂಬುದು ಅದರ ಒಂದು ಮುಖ. ಆಹಾರ ‘ತಯ್ಯಿಬ್’ ಆಗಿರಬೇಕು, ಅಂದರೆ ಶುಚಿಯಾಗಿ, ದೇಹಕ್ಕೆ ಹಿತವಾಗಿ ಇರಬೇಕು ಎಂಬುದು ಇನ್ನೊಂದು ಮುಖ. ಮಲೇಷಿಯಾ ದೇಶದ ಹಲಾಲ್ ಆಹಾರದ ಮಾನಕ ಎಂ.ಎಸ್. 1500, 2019ರಲ್ಲಿ ಪರಿಷ್ಕೃತವಾಯಿತು. ಅದರ ನೋಟ ತಯಾರಿಕೆಯಿಂದ ಹಿಡಿದು ಕಟ್ಟುವುದು, ದಾಸ್ತಾನು ಮಾಡುವುದು, ಬಡಿಸುವುದರವರೆಗೂ ಇದೆ.

ಇಲ್ಲಿಯೇ ನ್ಯಾನೋ ಸರಕು ತೊಡಕಿಗೆ ಸಿಕ್ಕುತ್ತದೆ. ದಾಳಿಂಬೆ, ಮಾವು, ಈರುಳ್ಳಿ ತಮ್ಮಷ್ಟಕ್ಕೆ ಹಲಾಲೇ. ಪ್ರಶ್ನೆ ಏಳುವುದು ಅವುಗಳ ಮೇಲೆ ಬಳಿದದ್ದರಿಂದ. ಜೀವಸತ್ವ, ಬಣ್ಣ, ಸುವಾಸನೆಗಳನ್ನು ಅತಿಸೂಕ್ಷ್ಮ ಕೋಶಗಳಲ್ಲಿ ತುಂಬಲು ಜೆಲಾಟಿನ್ ಬಳಸುತ್ತಾರೆ. ಜೆಲಾಟಿನ್ ಹಂದಿಯ ಚರ್ಮದಿಂದಲೂ ಬರುತ್ತದೆ, ದನದ ಮೂಳೆಯಿಂದಲೂ ಬರುತ್ತದೆ, ಮೀನಿನಿಂದಲೂ ಬರುತ್ತದೆ. ಪೊಟ್ಟಣದ ಮೇಲೆ ಹಸಿರು ಗುರುತು ನೋಡಿ ಕೊಳ್ಳುವ ನಮ್ಮ ಶಾಕಾಹಾರಿಗಳಿಗೂ ಇದು ಸಣ್ಣ ಪ್ರಶ್ನೆಯಲ್ಲ. ಬದಲಿಗೆ ಮೆಕ್ಕೆಜೋಳದ ಪ್ರೋಟೀನು ‘ಜೀನ್’ ಬಳಸಬಹುದು. ದಾವಣಗೆರೆ, ಹಾವೇರಿ ಕಡೆಯ ಬೆಳೆಗಾರರು ಹಿಗ್ಗಬೇಕಾದ ಮಾತು. ಆದರೆ ಜೀನ್ ನೀರಿನಲ್ಲಿ ಕರಗದು, ಅದನ್ನು ಕರಗಿಸಲು ಗಡಸು ಆಲ್ಕೋಹಾಲು ಬೇಕು. ಮದ್ಯ ತಯಾರಿಕೆಯಿಂದ ಬಂದ ಆಲ್ಕೋಹಾಲಿಗೂ ಬೇರೆ ದಾರಿಯಿಂದ ಬಂದದ್ದಕ್ಕೂ ಮಲೇಷಿಯಾದವರು ಭೇದ ಮಾಡುತ್ತಾರೆ. ಹಾಗಾಗಿ ಯಾವ ಆಲ್ಕೋಹಾಲು, ಕೊನೆಗೆ ಎಷ್ಟು ಉಳಿಯಿತು ಎಂಬ ಲೆಕ್ಕ ಕೊಡಬೇಕಾಗುತ್ತದೆ.

ಕೈಟೋಸಾನ್ ಎಂಬುದೂ ಹೀಗೆಯೇ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಈ ವಸ್ತುವನ್ನು ಅತಿಸೂಕ್ಷ್ಮ ಕಣಗಳಾಗಿಸಿ ಹಣ್ಣಿಗೂ ಮಾಂಸಕ್ಕೂ ಲೇಪಿಸಿದರೆ ಕೊಳೆಯುವುದು ನಿಧಾನವಾಗುತ್ತದೆ. ಕಸವಾಗುವ ಚಿಪ್ಪಿಗೆ ಬೆಲೆ ಬರುವುದು ಸಂತೋಷದ ವಿಷಯ. (ಚಿಪ್ಪಿನಿಂದ ಅದನ್ನು ಬಿಡಿಸಲು ಗಟ್ಟಿ ಕಾಸ್ಟಿಕ್ ಸೋಡಾ ಬೇಕೆಂಬುದನ್ನು ‘ಹಸಿರು’ ಎನ್ನುವವರು ಸಾಮಾನ್ಯವಾಗಿ ಹೇಳುವುದಿಲ್ಲ.) ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪದ್ಧತಿಯಲ್ಲಿ ಸಮುದ್ರದ ಜೀವಿಗಳಿಗೆ ಬಹುಮಟ್ಟಿಗೆ ಅಡ್ಡಿಯಿಲ್ಲ. ಒಳನಾಡಿನಲ್ಲಿ ಹೆಚ್ಚಾಗಿರುವ ಹನಫಿ ಪದ್ಧತಿಯಲ್ಲಿ ಏಡಿ ನಿಷಿದ್ಧ, ಸಿಗಡಿಯ ಬಗ್ಗೆ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯವಿದೆ. ಅಣಬೆಯಿಂದಲೂ ಕೈಟೋಸಾನ್ ತೆಗೆಯಬಹುದು. ಅದಾದರೆ ಈ ಚರ್ಚೆಯೇ ಹುಟ್ಟುವುದಿಲ್ಲ. ಆದರೆ ಬಾಟಲಿಯ ಮೇಲೆ ಬರೀ ‘ಕೈಟೋಸಾನ್’ ಎಂದು ಬರೆದಿದ್ದರೆ ಕೊಳ್ಳುವವನಿಗೆ ಏನು ತಿಳಿಯಬೇಕು?

ಹಲಾಲ್ ಒಂದು ಮತದ ವಿಷಯ, ನಮ್ಮ ಹೊಲಕ್ಕೇನು ಎಂದು ಕೇಳುವವರುಂಟು. ನನ್ನ ಮಟ್ಟಿಗೆ ಅದು ಗಿರಾಕಿ ಹಾಕುವ ಷರತ್ತು. ಕುರಿ, ಮೇಕೆ ಮಾಂಸ ವಿಮಾನದಲ್ಲಿ ಕೊಲ್ಲಿ ದೇಶಗಳಿಗೆ ಹೋಗುತ್ತದೆ. 2023ರ ಏಪ್ರಿಲ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು, ಮಾಂಸವನ್ನು ಹಲಾಲ್ ಎಂದು ರಫ್ತು ಮಾಡಬೇಕಾದರೆ ಭಾರತೀಯ ಗುಣಮಟ್ಟ ಪರಿಷತ್ತಿನ ಮಂಡಳಿಯಿಂದ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಬೇಕೆಂದು ನಿಯಮ ಮಾಡಿತು. ಸರಕು ತಿರಸ್ಕೃತವಾದರೆ ರಫ್ತುದಾರ ಮುಂದಿನ ಸಲ ಬೆಲೆ ಇಳಿಸುತ್ತಾನೆ. ಆ ಇಳಿಕೆ ಕೊನೆಗೆ ಬಂದು ಬೀಳುವುದು ಕುರಿ ಸಾಕಿದವನ ತಲೆಯ ಮೇಲೆ.

ಹಲಾಲ್ ಕೇಳದ ದೇಶಗಳೂ ಇದೇ ದಾರಿ ಹಿಡಿದಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ನ್ಯಾನೋ ಬೆಳ್ಳಿ ಸೇರಿಸಿದ, ಪರೀಕ್ಷೆಯಾಗಿ ನೋಂದಣಿಯಾಗದ ಆಹಾರದ ಡಬ್ಬಿಗಳ ಮಾರಾಟವನ್ನು 2014ರಲ್ಲಿ ತಡೆಯಿತು. ಅತಿಸೂಕ್ಷ್ಮ ಕಣಗಳೂ ಇರುವ ಬಿಳಿಯ ಬಣ್ಣ ಟೈಟಾನಿಯಂ ಡೈಆಕ್ಸೈಡನ್ನು ಆಹಾರಕ್ಕೆ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಅಲ್ಲಿ ಕೃತಕ ನ್ಯಾನೋ ವಸ್ತುವಿರುವ ಆಹಾರವನ್ನು ಸಾವಯವ ಎಂದು ಮಾರುವಂತಿಲ್ಲ. ಸಾವಯವ ಪ್ರಮಾಣಪತ್ರಕ್ಕಾಗಿ ಮೂರು ವರ್ಷ ಕಾದ ರೈತ ಒಂದು ಬಾಟಲಿ ಲೇಪದಿಂದ ಆ ಮಾರುಕಟ್ಟೆಯನ್ನೇ ಕಳೆದುಕೊಳ್ಳಬಹುದು.

ಹೊಸದನ್ನೆಲ್ಲ ದೂರವಿಡಿ ಎಂಬುದು ನನ್ನ ವಾದವಲ್ಲ, ಲೆಕ್ಕ ಕೇಳಿ ಎಂಬುದಷ್ಟೇ. 2021ರಲ್ಲಿ ಇಫ್ಕೋದ ನ್ಯಾನೋ ಯೂರಿಯಾ ಬಂದಾಗ 500 ಮಿಲಿಲೀಟರ್ ಬಾಟಲಿ 45 ಕಿಲೋ ಚೀಲಕ್ಕೆ ಸಮ ಎಂದರು. ಆಗ ಅದರಲ್ಲಿದ್ದ ಸಾರಜನಕ ಶೇ. 4, ಅಂದರೆ ಬಾಟಲಿಗೆ 20 ಗ್ರಾಂ. ಚೀಲದಲ್ಲಿರುವುದು 20 ಕಿಲೋಗೂ ಹೆಚ್ಚು. ಆಮೇಲೆ ಪ್ರಮಾಣವನ್ನು ಏರಿಸಿದರು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಯೂರಿಯಾದ ಒಂದು ಭಾಗದ ಬದಲು ಇದನ್ನು ಸಿಂಪಡಿಸಿದಾಗ ಭತ್ತ, ಗೋಧಿಯ ಇಳುವರಿ ತಗ್ಗಿತು. ಕಣ ಎಷ್ಟೇ ಸಣ್ಣದಾದರೂ ಗುಣಾಕಾರ ಭಾಗಾಕಾರ ಬದಲಾಗುವುದಿಲ್ಲ.

ಕೃಷಿ ಮತ್ತು ಆಹಾರದ ನ್ಯಾನೋ ಸರಕುಗಳನ್ನು ಹೇಗೆ ಪರೀಕ್ಷಿಸಬೇಕೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ಅದು ವಿಜ್ಞಾನಿಗಳ ಮೇಜಿನ ಮೇಲೆ ಉಳಿದರೆ ಪ್ರಯೋಜನವಿಲ್ಲ. ಕಣ ಯಾವ ವಸ್ತುವಿನದು, ಗಾತ್ರವೆಷ್ಟು, ಹೊದಿಕೆ ಸಸ್ಯದ್ದೋ ಪ್ರಾಣಿಯದ್ದೋ, ಪ್ರಾಣಿಯಾದರೆ ಯಾವುದು, ಕರಗಿಸಿದ್ದು ಯಾವುದರಲ್ಲಿ ಎಂಬುದು ಕನ್ನಡದಲ್ಲಿ ಬಾಟಲಿಯ ಮೇಲೆಯೇ ಇರಬೇಕೆಂದು ಸರ್ಕಾರ ಕಡ್ಡಾಯ ಮಾಡಬೇಕು. ಇಷ್ಟು ಸಣ್ಣ ಕಣವನ್ನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ಪರೀಕ್ಷಿಸಲು ಬರುವುದಿಲ್ಲ. ರೈತನ ಕೈಗೆ ಸಿಗುವ ಸಾಕ್ಷಿ ಬರಹವೊಂದೇ.

ಆ ಕಾಯಿದೆ ಬರುವವರೆಗೆ ಬಾಂಧವರು ಕೊಂಡ ಸರಕಿನ ರಸೀದಿ, ತಂಡದ ಸಂಖ್ಯೆ, ಖಾಲಿ ಬಾಟಲಿಗಳನ್ನು ಮಾಲು ಮಾರಾಟವಾಗಿ ಹಣ ಕೈಸೇರುವ ತನಕ ತೆಗೆದಿಡಲಿ. ಹಲಾಲ್‌ಗೆ ಸಲ್ಲುತ್ತದೆ ಎಂದು ಬಾಯಲ್ಲಿ ಹೇಳುವ ಅಂಗಡಿಯವರು ಅದನ್ನೇ ರಸೀದಿಯ ಮೇಲೆ ಬರೆದು ರುಜು ಹಾಕಲಿ. ಅವರು ಒಪ್ಪದಿದ್ದರೆ ಬಾಟಲಿ ಅಂಗಡಿಯಲ್ಲೇ ಇರಲಿ.