ಮಳೆಗಾಲದಲ್ಲಿ ಸೈಕಲ್ ಸವಾರಿ

ಮುಂಗಾರು ಹಿಡಿದೊಡನೆ ಶಿವಮೊಗ್ಗದ ರವೀಂದ್ರನಗರದ ಸೈಕಲ್ ಪ್ರಿಯರ ಮನಸ್ಸು, ಪರದೆಯ ಮೇಲೆ ಏರುದಾರಿ ಬಂದಂತೆ ತಾನೇ ಬಿಗಿಯಾಗುವ ‘ಸ್ಮಾರ್ಟ್ ಟ್ರೈನರ್’ನತ್ತ ಹರಿದರೆ ಆಶ್ಚರ್ಯವಿಲ್ಲ. ಆದರೆ ಯಂತ್ರದ ಬೆಲೆ ವಿಚಾರಿಸುವ ಮೊದಲು ಮನೆಯ ಸೈಕಲ್ಲನ್ನೇ ಪರೀಕ್ಷಿಸುವುದು ಲೇಸು.

ಒಂದು ಬಗೆಯಲ್ಲಿ ಹಿಂದಿನ ಚಕ್ರವು ಉರುಳೆಯ ಮೇಲೆ ತಿರುಗುತ್ತದೆ. ಬೆಲೆ ಕಡಿಮೆ, ಸದ್ದು ಹೆಚ್ಚು, ಟೈರೂ ಸವೆಯುತ್ತದೆ. ಇನ್ನೊಂದರಲ್ಲಿ ಆ ಚಕ್ರವನ್ನು ಕಳಚಿ, ಚೈನನ್ನು ನೇರವಾಗಿ ಯಂತ್ರಕ್ಕೇ ತೊಡಿಸಬೇಕು. ಸದ್ದು ಕಡಿಮೆ, ತುಳಿತದ ಬಲವನ್ನು ವ್ಯಾಟ್‌ಗಳಲ್ಲಿ ತೋರಿಸುವ ಲೆಕ್ಕವೂ ಹೆಚ್ಚು ನಂಬಲರ್ಹ. ಆದರೆ ಗೇರುಗಳ ಸಂಖ್ಯೆ, ಅಚ್ಚಿನ ಅಳತೆ ಹೊಂದದಿದ್ದರೆ ಕೊಟ್ಟ ಹಣ ನೀರುಪಾಲು. ತಂದೆಯವರ ಕಾಲದ ಗೇರಿಲ್ಲದ ಸೈಕಲ್ಲಿಗಂತೂ ಇದು ಒಗ್ಗುವುದು ಕಷ್ಟ. ಒದ್ದೆ ಬಟ್ಟೆ ಹರವಲು ಇಷ್ಟು ದುಬಾರಿ ಸಾಧನವೇಕೆ?

ಇಂತಹ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ವಿದ್ಯುತ್ತೂ ಬೇಕು. ಗಾಳಿಮಳೆಗೆ ಕರೆಂಟು ಹೋದರೆ ಏರೂ ಇಲ್ಲ, ಇಳಿಜಾರೂ ಇಲ್ಲ.