ಬಿದ್ದದ್ದಲ್ಲ, ಇಳಿಸಿದ್ದು

ಪೌರಕಾರ್ಮಿಕರ ಹಕ್ಕುಗಳಿಗಾಗಿ ದುಡಿಯುವ ಬೆಂಗಳೂರಿನ ಸಂಸ್ಥೆಯೊಂದಕ್ಕೆ ಸಂವಹನ ಅಧಿಕಾರಿ ಬೇಕಂತೆ. ಈ ವಾರ ಜಾಹೀರಾತು ಕಣ್ಣಿಗೆ ಬಿತ್ತು. ಇಂಗ್ಲಿಷ್ ಬರವಣಿಗೆ ಕಡ್ಡಾಯ, ವಿಡಿಯೊ ಎಡಿಟಿಂಗ್ ಕಡ್ಡಾಯ. ಕನ್ನಡ? ‘ಬಂದರೆ ಒಳ್ಳೆಯದು’. ಓದಿದವರಿಗೆ ಸಿಟ್ಟು ಬರದಿದ್ದರೆ ಅದೇ ಆಶ್ಚರ್ಯ.

ಈ ಕೆಲಸ ಎಂಥದ್ದು ಎಂದು ತಿಳಿಯಲು ಚಿನ್ನದ ಗಣಿಗಳಿದ್ದ ಕೆಜಿಎಫ್‌ವರೆಗೆ ಹೋದರೆ ಸಾಕು. ಅಲ್ಲಿ ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ 1986ರಲ್ಲಿ ಪತ್ರ ಬರೆಯಲು ಕೂತರು. ಗಣಿ ಆಡಳಿತಕ್ಕೆ, ಮಂತ್ರಿಗಳಿಗೆ, ಪ್ರಧಾನಿಗೆ, ಪತ್ರಿಕೆಗಳಿಗೆ. ಕೇಳಿಸಿಕೊಂಡವರು ಕಡಿಮೆ. 1993ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು ಬಂದ ಮೇಲೂ ಒಣ ಪಾಯಿಖಾನೆಗಳು ಇದ್ದಲ್ಲೇ ಇದ್ದವು. ಆಗ ವಿಲ್ಸನ್ ಅವುಗಳ ಫೋಟೊ ತೆಗೆದರು. ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದವು, ಪತ್ರಗಳಿಗೆ ಜಗ್ಗದ ಆಡಳಿತ ಪಾಯಿಖಾನೆಗಳನ್ನು ಬದಲಿಸಿತು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ ವಿಲ್ಸನ್‌ಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಂವಹನ ಅಧಿಕಾರಿ ಎಂಬ ಹುದ್ದೆ ಅವರಿಗಿರಲಿಲ್ಲ, ಮಾಡಿದ ಕೆಲಸ ಮಾತ್ರ ಅದೇ.

ಆ ಕೆಲಸ ಇನ್ನೂ ಮುಗಿದಿಲ್ಲ. 1993ರಿಂದೀಚೆಗೆ ಒಳಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಆ ದುಡ್ಡು ಮನೆ ಸೇರಬೇಕಾದರೆ, ಸತ್ತವನು ಗುಂಡಿಗೆ ಇಳಿದದ್ದು ಕೆಲಸಕ್ಕೆ ಎಂಬುದು ದಾಖಲೆಯಲ್ಲಿರಬೇಕು. ಸಂವಹನ ಅಧಿಕಾರಿ ಸತ್ತವನ ಹೆಂಡತಿಯ ಪಕ್ಕದಲ್ಲಿ ಕೂತು, ಕರೆದೊಯ್ದವರು ಯಾರು, ಎಷ್ಟು ಕೂಲಿಗೆ ಒಪ್ಪಿದ್ದರು, ಕೈಗವಸಾದರೂ ಕೊಟ್ಟಿದ್ದರೇ ಎಂದು ಕೇಳಿ ಬರೆದುಕೊಳ್ಳಬೇಕು. ಆಮೇಲೆ ಠಾಣೆಗೆ ಹೋಗಿ ಎಫ್‌ಐಆರ್ ಓದಬೇಕು. ಅದು ಇರುವುದು ಕನ್ನಡದಲ್ಲಿ. ‘ಮ್ಯಾನ್‌ಹೋಲ್‌ಗೆ ಬಿದ್ದು ಸಾವು’ ಎಂದಿದ್ದರೆ ಅದು ಬರೀ ಅಪಘಾತ. ‘ಇಳಿಸಿದ್ದರಿಂದ ಸಾವು’ ಎಂದಿದ್ದರೆ ಇಳಿಸಿದವನೊಬ್ಬ ಇದ್ದಾನೆ ಎಂದಾಯಿತು. ಸುರಕ್ಷಾ ಸಾಧನವಿಲ್ಲದೆ ಒಳಚರಂಡಿಗೆ ಇಳಿಸುವುದು ಮಲ ಹೊರಿಸುವುದನ್ನು ನಿಷೇಧಿಸುವ 2013ರ ಕಾನೂನಿನಲ್ಲಿ ಜೈಲು ಶಿಕ್ಷೆಯಾಗಬಲ್ಲ ಅಪರಾಧ.

ಬಿದ್ದು, ಇಳಿಸಿ. ಈ ಎರಡು ಮಾತಿನ ನಡುವಿನ ಅಂತರ ಕಿವಿಗೆ ತಟ್ಟದವರು ಇಂಥ ಸಂಸ್ಥೆಗೆ ಏನು ಬರೆದುಕೊಡುತ್ತಾರೆ? ದಾನಿಗಳಿಗೆ ವರದಿ ಬೇಕು, ನಿಜ. ಅದನ್ನು ಇಂಗ್ಲಿಷಿಗೆ ಅನುವಾದಿಸುವವರು ಎಷ್ಟು ಮಂದಿ ಬೇಕಾದರೂ ಸಿಗುತ್ತಾರೆ. ಆ ಹೆಂಡತಿ ಮಾತು ನಿಲ್ಲಿಸಿ ನೆಲ ನೋಡುತ್ತ ಕೂತಾಗ ಕಾಯಬೇಕೆಂದು ಗೊತ್ತಿರುವವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಜಾಹೀರಾತು ಕೊಟ್ಟವರು ಅದನ್ನು ವಾಪಸ್ ತೆಗೆದುಕೊಳ್ಳಲಿ. ‘ಕನ್ನಡ ಕಡ್ಡಾಯ’ ಎಂದು ತಿದ್ದಲಿ. ಪೌರಕಾರ್ಮಿಕರ ಮನೆಯ ಹುಡುಗಿಯೊಬ್ಬಳು ಓದಿ ಅರ್ಜಿ ಹಾಕುವಂತೆ ಬರೆದು, ಮತ್ತೆ ಪ್ರಕಟಿಸಲಿ.